ಆರು ತಿಂಗಳ ಡೆಂಟಲ್ ಅಸಿಸ್ಟೆಂಟ್ ಕೋರ್ಸ್: ಐದಕ್ಕೆ ಮೂರು ಸ್ಟಾರ್, ಅದರಲ್ಲಿ ಒಂದು ಮೇಡಂಗೆ

ಸರ್ಟಿಫಿಕೇಟ್ ಕೈಗೆ ಬಂದು ಹನ್ನೊಂದು ದಿನಕ್ಕೆ ನನಗೆ ಕೆಲಸ ಸಿಕ್ಕಿತು. ಮೊದಲ ದಿನವೇ ಡಾಕ್ಟರ್ ನನ್ನ ಕಡೆ ತಿರುಗಿ, "ಜಿಐಸಿ ಕಲಸಮ್ಮ" ಎಂದರು. ಹುಳುಕು ತೆಗೆದ ಜಾಗಕ್ಕೆ ತುಂಬುವ ಸಿಮೆಂಟ್ ಅದು. ಪುಡಿ ಒಂದು ಬಾಟಲಿ, ದ್ರವ ಒಂದು ಬಾಟಲಿ. ಪೇಪರ್ ಪ್ಯಾಡ್ ಮೇಲೆ ಪುಡಿ ಹಾಕಿ ಎರಡು ಪಾಲು ಮಾಡಿದೆ. ದ್ರವದ ಹನಿ ಬಿಟ್ಟೆ. ಎಲ್ಲಾ ನೋಟ್ಸಿನಲ್ಲಿ ಇದ್ದ ಹಾಗೇ. ಎರಡನೇ ಪಾಲು ಸೇರಿಸುವಷ್ಟರಲ್ಲಿ ಅದು ಒಣಗಿದ ರೊಟ್ಟಿ ಹಿಟ್ಟಿನ ಹಾಗೆ ಉದುರತೊಡಗಿತು. ಹೊಳಪು ಹೋದ ಸಿಮೆಂಟ್ ಹಲ್ಲಿಗೆ ಅಂಟುವುದಿಲ್ಲ, ಎಸೆಯಬೇಕು. ಎಸೆದೆ. ಎರಡನೇ ಸಲ ನೀರಾಯಿತು. ಪೇಷೆಂಟ್ ಅಷ್ಟು ಹೊತ್ತೂ ಬಾಯಿ ತೆರೆದುಕೊಂಡೇ ಮಲಗಿದ್ದರು, ಇಟ್ಟಿದ್ದ ಹತ್ತಿ ಎಲ್ಲಾ ಒದ್ದೆ. ಕೊನೆಗೆ ಸೀನಿಯರ್ ಅಕ್ಕ ನನ್ನ ಕೈಯಿಂದ ಸ್ಪ್ಯಾಚುಲಾ ತಗೊಂಡು ಅರ್ಧ ನಿಮಿಷದಲ್ಲಿ ಮುಗಿಸಿದರು. ಡಾಕ್ಟರ್ ಏನೂ ಅನ್ನಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಆರು ತಿಂಗಳು, 18 ಸಾವಿರ ರೂಪಾಯಿ ಕೊಟ್ಟು ಕಲಿತವಳು ನಾನು. ಆ ಆರು ತಿಂಗಳಲ್ಲಿ ಜಿಐಸಿ ಕಲಸಲು ನನಗೆ ಸಿಕ್ಕಿದ್ದು ಎರಡೇ ಸಲ.

ಈ ವಿಮರ್ಶೆ ಬರೆಯಲು ಕಾರಣ ನನ್ನ ಚಿಕ್ಕಮ್ಮನ ಮಗಳು. ಹೋದ ತಿಂಗಳು ಒಂದು ಪಾಂಪ್ಲೆಟ್ ಫೋಟೋ ಕಳಿಸಿ, "ಅಕ್ಕ, ಸೇರಲಾ?" ಎಂದು ಕೇಳಿದಳು. ನೋಡಿದರೆ ಅದೇ ಸಂಸ್ಥೆ, ಬಿಳಿ ಕೋಟು ಹಾಕಿಕೊಂಡು ನಗುವ ಅದೇ ಹುಡುಗಿ. ಫೀಸ್ ಮಾತ್ರ 26 ಸಾವಿರ ಆಗಿದೆ. ಅವಳಿಗೆ ಏಳು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದೆ. ಪೂರ್ತಿ ಕೇಳಿದಳೋ ಇಲ್ಲವೋ ಗೊತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರು ಹಾಕುವುದಿಲ್ಲ.

ನನ್ನ ಊರು ಹರಿಹರ. ಕ್ಲಾಸ್ ಇದ್ದದ್ದು ದಾವಣಗೆರೆಯಲ್ಲಿ. ಎರಡು ಡೆಂಟಲ್ ಕಾಲೇಜು ಇರುವ ಊರು, ರಸ್ತೆಗೆ ಮೂರು ಕ್ಲಿನಿಕ್. ಕೆಲಸಕ್ಕೆ ಬರವಿಲ್ಲ ಅಂದುಕೊಂಡೇ ಸೇರಿದ್ದೆ. ಮೊಬೈಲ್ ಅಂಗಡಿಯ ಮೇಲೆ ಎರಡನೇ ಮಹಡಿ. ಹದಿನಾಲ್ಕು ಹುಡುಗಿಯರು, ಒಬ್ಬ ಹುಡುಗ. ಅವನು ಎರಡನೇ ತಿಂಗಳಿಗೇ ಬಿಟ್ಟ. ಎಲ್ಲಿಂದಲೋ ತಂದ ಒಂದು ಹಳೇ ಡೆಂಟಲ್ ಚೇರ್ ಇತ್ತು. ಮೇಲಕ್ಕೆ ಹೋಗುತ್ತಿತ್ತು, ಕೆಳಗೆ ಇಳಿಯುತ್ತಿರಲಿಲ್ಲ. ಅದರ ಲೈಟು ಒಂದು ದಿನವೂ ಹತ್ತಿದ್ದು ನಾನು ಕಂಡಿಲ್ಲ. ಪ್ರಾಕ್ಟಿಕಲ್ ಎಂದರೆ ಒಬ್ಬಳು ಕಲಸುವುದು, ಹದಿಮೂರು ಜನ ಸುತ್ತ ನಿಂತು ನೋಡುವುದು. ಅಡುಗೆ ನೋಡಿ ಕಲಿಯುವುದಕ್ಕೆ ಆಗುತ್ತಾ? ಇದೂ ಹಾಗೇ.

ಈಗ ಒಳ್ಳೆಯದು ಹೇಳುತ್ತೇನೆ. ಅಲ್ಲಿ ಒಬ್ಬರು ಮೇಡಂ ಇದ್ದರು. ಹಲ್ಲಿನ ನಂಬರ್ ಅವರು ಹೇಳಿಕೊಟ್ಟ ರೀತಿ ನಾನು ಸಾಯುವ ತನಕ ಮರೆಯುವುದಿಲ್ಲ. "ಬಾಯಿ ಅಂದ್ರೆ ನಾಲ್ಕು ಕೇರಿ ಇರೋ ಊರು" ಎನ್ನುತ್ತಿದ್ದರು. ಪೇಷೆಂಟಿನ ಬಲಗಡೆ ಮೇಲೆ ಒಂದನೇ ಕೇರಿ, ಎಡಗಡೆ ಮೇಲೆ ಎರಡು, ಎಡಗಡೆ ಕೆಳಗೆ ಮೂರು, ಬಲಗಡೆ ಕೆಳಗೆ ನಾಲ್ಕು. ಪ್ರತಿ ಕೇರಿಯಲ್ಲಿ ಎಂಟು ಮನೆ. ನಡು ಹಲ್ಲಿನಿಂದ ಹಿಂದಕ್ಕೆ ಎಣಿಸಬೇಕು. 46 ಎಂದು ಬರೆದಿದ್ದರೆ "ನಲವತ್ತಾರು" ಎಂದು ಓದಬಾರದು, "ನಾಲ್ಕು ಆರು" ಎನ್ನಬೇಕು. ನಾಲ್ಕನೇ ಕೇರಿ, ಆರನೇ ಮನೆ. ಮಕ್ಕಳ ಹಾಲು ಹಲ್ಲಿಗೆ ಕೇರಿ ನಂಬರ್ ಐದರಿಂದ ಎಂಟು, ಕೇರಿಗೆ ಐದೇ ಮನೆ. ಅವತ್ತು ಕ್ಲಾಸಿನಲ್ಲಿ ಎಲ್ಲರೂ ನಕ್ಕೆವು. ಮರೆತವಳು ಒಬ್ಬಳೂ ಇಲ್ಲ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ದಿನ ಸಂಜೆ ಸಿಕ್ಕಾಪಟ್ಟೆ ರಷ್. ಹಲ್ಲು ಕೀಳಿಸಲು ಒಬ್ಬ ಅಜ್ಜ ಬಂದಿದ್ದರು. ಸ್ಲಿಪ್ಪಿನಲ್ಲಿ 26 ಇತ್ತು. ಬರೆದವಳು ನಾನೇ. ಟ್ರೇ ಜೋಡಿಸುವಾಗ ಎಕ್ಸ್‌ರೇ ನೋಡಿದೆ, ಹುಳುಕು ಇರುವುದು 16ರಲ್ಲಿ. ಡಾಕ್ಟರ್ ಸಿರಿಂಜ್ ಕೈಗೆ ತಗೊಂಡಿದ್ದರು. "ಡಾಕ್ಟ್ರೇ, ಸ್ಲಿಪ್ಪಲ್ಲಿ ಎರಡು ಆರು ಇದೆ, ಎಕ್ಸ್‌ರೇಲಿ ಒಂದು ಆರು" ಎಂದೆ. ಅವರು ನಿಂತರು, ಅಜ್ಜನ ಬಾಯಿ ಇನ್ನೊಮ್ಮೆ ನೋಡಿದರು, ನನ್ನ ಮುಖ ನೋಡಿದರು. 18 ಸಾವಿರ ನನಗೆ ಅವತ್ತು ವಾಪಸ್ ಬಂತು.

ಸೂಜಿಯ ಪಾಠವೂ ಆ ಮೇಡಂದೇ. ಇಂಜೆಕ್ಷನ್ ಕೊಟ್ಟ ಮೇಲೆ ಮುಚ್ಚಳವನ್ನು ಇನ್ನೊಂದು ಕೈಯಲ್ಲಿ ಹಿಡಿದು ಹಾಕಲೇಬಾರದು. ಟ್ರೇ ಮೇಲೆ ಮುಚ್ಚಳ ಇಟ್ಟು, ಒಂದೇ ಕೈಯಲ್ಲಿ ಸೂಜಿಯನ್ನು ಅದರೊಳಗೆ ತೂರಿಸಿ ಎತ್ತಬೇಕು. ಚುಚ್ಚಿಕೊಂಡರೆ ಹಿಂಡಬಾರದು, ಬಾಯಿಗೆ ಇಟ್ಟುಕೊಳ್ಳಬಾರದು. ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆದು ತಕ್ಷಣ ಡಾಕ್ಟರಿಗೆ ಹೇಳಬೇಕು. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಹೆಪಟೈಟಿಸ್ ಬಿ ಲಸಿಕೆಯನ್ನು ನಮ್ಮೆಲ್ಲರಿಗೂ ಹಟ ಹಿಡಿದು ಹಾಕಿಸಿದರು. ಮೊದಲನೆಯದು ಹಾಕಿಸಿದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಸೇರಿದ ವಾರವೇ ಶುರು ಮಾಡಿದರೆ ಕೋರ್ಸ್ ಮುಗಿಯುವಾಗ ಮೂರೂ ಆಗಿರುತ್ತದೆ. ಪಾಂಪ್ಲೆಟ್ಟಿನಲ್ಲಿ ಇದರ ಒಂದು ಅಕ್ಷರ ಇಲ್ಲ.

ಇನ್ನು ಅಲ್ಲಿ ಕಲಿಸದೇ ಬಿಟ್ಟದ್ದು. ಪಟ್ಟಿ ದೊಡ್ಡದು, ಮೊದಲನೆಯದು ಸಕ್ಷನ್, ಅಂದರೆ ಬಾಯಲ್ಲಿ ತುಂಬುವ ನೀರು, ಎಂಜಲು ಎಳೆಯುವ ಪೈಪ್. ಪೈಪ್ ಹಿಡಿದು ನಿಲ್ಲುವುದರಲ್ಲಿ ಏನಿದೆ ಅನ್ನಿಸುತ್ತದೆ, ಅಲ್ವಾ? ಮಲಗಿದವರ ತಲೆಯನ್ನು ಗಡಿಯಾರದ ಹನ್ನೆರಡು ಅಂದುಕೊಳ್ಳಿ. ಬಲಗೈ ಡಾಕ್ಟರ್ ಒಂಬತ್ತರಿಂದ ಹನ್ನೆರಡರ ನಡುವೆ ಕೂರುತ್ತಾರೆ, ನಾವು ಎರಡರಿಂದ ನಾಲ್ಕರ ನಡುವೆ. ಅವರ ಕೈ ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ಊಹಿಸಿ ನಮ್ಮ ಪೈಪ್ ಅಲ್ಲಿರಬೇಕು. ಆದರೆ ಕನ್ನಡಿಗೆ ಅಡ್ಡ ಬರಬಾರದು. ನಾಲಿಗೆ ಬರ್ (ಹಲ್ಲು ಕೊರೆಯುವ ಮೊನೆ) ಕಡೆ ಬರದ ಹಾಗೆ ಒತ್ತಿ ಹಿಡಿಯಬೇಕು. ಸ್ವಲ್ಪ ಹಿಂದಕ್ಕೆ ಹೋದರೆ ವಾಂತಿ ಬಂದ ಹಾಗಾಗುತ್ತದೆ, ಸ್ವಲ್ಪ ಮುಂದೆ ಬಂದರೆ ನೀರು ಗಂಟಲಿಗೆ. ಕೆನ್ನೆ ಪೈಪಿಗೆ ಅಂಟಿ ಪುಳಕ್ ಅನ್ನುವ ಸದ್ದು ಬರುತ್ತದಲ್ಲ, ಮೊದಲ ತಿಂಗಳು ಅದನ್ನು ಕೇಳಿಯೇ ನಾನು ಬೆವರುತ್ತಿದ್ದೆ.

ಹಲ್ಲಿನ ಅಳತೆ, ಅಂದರೆ ಅಚ್ಚು ತೆಗೆಯುವ ಆಲ್ಜಿನೇಟ್ ಪುಡಿಯೂ ಹಾಗೇ. ಅದಕ್ಕೆ ಹಾಕುವ ನೀರು ಬಿಸಿ ಇದ್ದಷ್ಟೂ ಬೇಗ ಗಟ್ಟಿಯಾಗುತ್ತದೆ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ನಲ್ಲಿ ನೀರು ಹಾಕಿದರೆ ಟ್ರೇ ಬಾಯಿ ಸೇರುವ ಮೊದಲೇ ಕೆಲಸ ಮುಗಿದಿರುತ್ತದೆ. ಬೇಸಿಗೆಯಲ್ಲಿ ಫ್ರಿಜ್ಜಿನ ನೀರು ಎಂದು ನನಗೆ ಹೇಳಿದ್ದು ಆ ಸೀನಿಯರ್ ಅಕ್ಕ. ತೆಗೆದ ಅಳತೆಯನ್ನು ಹಾಗೇ ಬಿಟ್ಟರೆ ಕುಗ್ಗುತ್ತದೆ, ಒದ್ದೆ ಹತ್ತಿ ಸುತ್ತಿಟ್ಟು ಬೇಗ ಕಲ್ಲು ಪ್ಲಾಸ್ಟರ್ ಹುಯ್ಯಬೇಕು ಎಂದದ್ದೂ ಅವರೇ.

ಸಾಮಾನನ್ನು ಹಬೆಯಲ್ಲಿ ಬೇಯಿಸಿ ಕ್ರಿಮಿ ಕೊಲ್ಲುವ ಯಂತ್ರ ಆಟೋಕ್ಲೇವ್. ಅದರ ಪಾಠ ಕೋರ್ಸಿನಲ್ಲಿ ಐದು ನಿಮಿಷ. ಕುಕ್ಕರ್ ತೋರಿಸಿದ ಹಾಗೆ ತೋರಿಸಿ ಮುಚ್ಚಿದರು. ಕ್ಲಿನಿಕ್ಕಿನಲ್ಲಿ ನನ್ನ ಅರ್ಧ ದಿನ ಅದರ ಮುಂದೆಯೇ ಹೋಗುತ್ತದೆ. ಸಾಮಾನು ಉಜ್ಜಿ ತೊಳೆದು, ಒಣಗಿಸಿ, ಪೌಚಿಗೆ ಹಾಕಿ ಅಂಟಿಸಿ, ಹಬೆ ಓಡಾಡುವ ಹಾಗೆ ಸಡಿಲವಾಗಿ ಜೋಡಿಸಬೇಕು. ರಕ್ತದ ಕಲೆ ಹಾಗೇ ಇದ್ದರೆ ಎಷ್ಟು ಬೇಯಿಸಿದರೂ ಪ್ರಯೋಜನವಿಲ್ಲ. 121 ಡಿಗ್ರಿಯಲ್ಲಾದರೆ ಕನಿಷ್ಠ 15 ನಿಮಿಷ, 134 ಡಿಗ್ರಿಯಲ್ಲಾದರೆ ಮೂರು ನಾಲ್ಕು ನಿಮಿಷ ಹಿಡಿಯಬೇಕು. ಬಿಸಿಯಾಗುವ, ಆರುವ ಹೊತ್ತು ಬೇರೆ. ಮಾಮೂಲಿ ನೀರು ಹಾಕಿದರೆ ಒಳಗೆ ಬಿಳಿ ಪೊರೆ ಕಟ್ಟುತ್ತದೆ, ಡಿಸ್ಟಿಲ್ಡ್ ನೀರೇ ಬೇಕು. ಪೌಚಿನ ಮೇಲಿನ ಗುರುತು ಬಣ್ಣ ಬದಲಿಸಿದರೆ ಹಬೆ ತಾಗಿದೆ ಎಂದಷ್ಟೇ ಅರ್ಥ, ಕ್ರಿಮಿ ಸತ್ತಿದೆ ಎಂದಲ್ಲ. ಅದಕ್ಕೆ ಸ್ಪೋರ್ ಟೆಸ್ಟ್ ಮಾಡಬೇಕು, ಸುಲಭಕ್ಕೆ ಸಾಯದ ಕ್ರಿಮಿಯನ್ನು ಒಳಗಿಟ್ಟು ಸತ್ತಿತಾ ಎಂದು ನೋಡುವುದು. ನೀವು ಯಾವ ಕ್ಲಿನಿಕ್ಕಿಗೆ ಹೋದರೂ ಪೌಚನ್ನು ನಿಮ್ಮ ಕಣ್ಣೆದುರೇ ಹರಿಯುತ್ತಾರಾ ನೋಡಿ. ಕೇಳಲು ಸಂಕೋಚ ಬೇಡ, ನಮಗೆ ಬೇಜಾರಾಗುವುದಿಲ್ಲ.

ಸಂಬಳದ ವಿಷಯ. ಪಾಂಪ್ಲೆಟ್ಟಿನಲ್ಲಿ 25 ಸಾವಿರ ಎಂದಿತ್ತು. ನನಗೆ ಮೊದಲು ಸಿಕ್ಕಿದ್ದು 7,500. ಆರು ವರ್ಷ, ಎರಡು ಕ್ಲಿನಿಕ್ ದಾಟಿ ಈಗ 16 ಸಾವಿರ. ಬೆಳಿಗ್ಗೆ ಒಂಬತ್ತೂವರೆಯಿಂದ ಒಂದೂವರೆ, ಆಮೇಲೆ ನಾಲ್ಕೂವರೆಯಿಂದ ಎಂಟೂವರೆ. ನಡುವೆ ಮೂರು ಗಂಟೆ. ಹರಿಹರಕ್ಕೆ ಹೋಗಿ ಬರುವುದಕ್ಕೆ ಕಡಿಮೆ, ಸುಮ್ನೆ ಕೂರುವುದಕ್ಕೆ ಜಾಸ್ತಿ. ಡಬ್ಬಿ ಊಟ ಮಾಡಿ ಡೆಂಟಲ್ ಚೇರ್ ಮೇಲೇ ಮಲಗುತ್ತೇನೆ. ಇಳಿಯುವ ಚೇರ್, ಪುಣ್ಯಕ್ಕೆ. ಶಟರ್ ಎತ್ತುವುದು, ಫೋನ್, ಅಪಾಯಿಂಟ್‌ಮೆಂಟ್, ಲ್ಯಾಬಿನವನಿಗೆ ಕ್ಯಾಪ್ ಇನ್ನೂ ಬಂದಿಲ್ಲ ಎಂದು ಜಗಳ, ಕಸ ಹಳದಿ ಚೀಲಕ್ಕೋ ಕೆಂಪಿಗೋ ಬೇರ್ಪಡಿಸುವುದು, ಎಲ್ಲಾ ಇದರಲ್ಲೇ ಬಂತು.

ಡಾಕ್ಟರ್ ಒಳಗೆ ಹೋದ ತಕ್ಷಣ ಪೇಷೆಂಟ್ ನನ್ನ ಕಡೆ ವಾಲುತ್ತಾರೆ. "ಸಿಸ್ಟರ್, ನಿಜವಾಗ್ಲೂ ರೂಟ್ ಕೆನಾಲ್ ಬೇಕಾ? ಕೀಳಿಸಿಬಿಟ್ರೆ ಆಗಲ್ವಾ?" ಇದಕ್ಕೆ ಏನು ಉತ್ತರ ಕೊಡಬೇಕು ಎಂದು ಕೋರ್ಸಿನಲ್ಲಿ ಇಲ್ಲ. ನಾನು ಎಕ್ಸ್‌ರೇ ಮತ್ತೆ ಹಾಕುತ್ತೇನೆ, "ನಿಮ್ಮ ಡೌಟ್ ಡಾಕ್ಟರ್ ಹತ್ರಾನೇ ಕೇಳಿ, ನಾನು ನೆನಪು ಮಾಡ್ತೀನಿ" ಎನ್ನುತ್ತೇನೆ. ನೆನಪೂ ಮಾಡುತ್ತೇನೆ. ಬಿಪಿ, ಶುಗರ್, ರಕ್ತ ತೆಳು ಮಾಡುವ ಮಾತ್ರೆ, ಇವನ್ನು ಡಾಕ್ಟರಿಗೆ ಹೇಳದೇ ನನಗೆ ಹೇಳುವವರು ಬಹಳ ಜನ.

ನನ್ನ ದೊಡ್ಡ ಸಿಟ್ಟು ಮುಂದಿನ ದಾರಿಯ ಬಗ್ಗೆ. "ಸರ್ಕಾರಿ ಮಾನ್ಯತೆ" ಎಂದು ಗೋಡೆ ಮೇಲೆ ಬರೆದಿದ್ದರು. 1948ರ ಡೆಂಟಿಸ್ಟ್ಸ್ ಆಕ್ಟ್ ಪ್ರಕಾರ ಹೆಸರು ನೋಂದಾಯಿಸುವ ರಿಜಿಸ್ಟರ್ ಇದ್ದದ್ದು ದಂತವೈದ್ಯರಿಗೆ, ಹೈಜಿನಿಸ್ಟ್‌ಗಳಿಗೆ, ಹಲ್ಲಿನ ಸೆಟ್ ಮಾಡುವ ಮೆಕ್ಯಾನಿಕ್‌ಗಳಿಗೆ. ಅಸಿಸ್ಟೆಂಟ್‌ಗೆ ಇರಲಿಲ್ಲ. ಹಲ್ಲು ಕ್ಲೀನ್ ಮಾಡುವುದು ಹೈಜಿನಿಸ್ಟ್ ಮಾಡಬಹುದು, ನಾನು ಮಾಡುವ ಹಾಗಿಲ್ಲ. ಇದು ನನಗೆ ಗೊತ್ತಾಗಿದ್ದು ಕೆಲಸಕ್ಕೆ ಸೇರಿ ಮೂರು ವರ್ಷದ ಮೇಲೆ. ಹೈಜಿನಿಸ್ಟ್ ಡಿಪ್ಲೊಮಾ ಎರಡು ವರ್ಷ. ಕಾಲೇಜಿನ ಕೌಂಟರಿನಲ್ಲಿ ವಿಚಾರಿಸಿದರೆ, ಪಿಯುಸಿಯಲ್ಲಿ ಸೈನ್ಸ್ ಇರಬೇಕು ಎಂದರು. ನನ್ನದು ಆರ್ಟ್ಸ್. ಬಸ್ ಹತ್ತಿ ವಾಪಸ್ ಬಂದೆ. ನಮ್ಮ ಬ್ಯಾಚಿನಲ್ಲಿ ಸೈನ್ಸ್ ಓದಿದ್ದ ಒಬ್ಬಳು ಅದಕ್ಕೆ ಸೇರಿ ಮುಗಿಸಿದಳು. ಇನ್ನೊಬ್ಬಳು ಬೆಂಗಳೂರಿನ ಒಂದು ದೊಡ್ಡ ಕ್ಲಿನಿಕ್ಕಿನ ಫ್ರಂಟ್ ಆಫೀಸಿನಲ್ಲಿ ಇದ್ದಾಳೆ, ಪೇಷೆಂಟಿಗೆ ಖರ್ಚು, ಕಂತು ವಿವರಿಸುವ ಕೆಲಸ, ಸಂಬಳ ನನ್ನದಕ್ಕಿಂತ ಜಾಸ್ತಿ. ಐದಾರು ಜನ ಮದುವೆಯಾಗಿ ಬಿಟ್ಟರು. ನಾನು ಸ್ಟಾಕ್, ಲ್ಯಾಬ್, ಲೆಕ್ಕ ಎಲ್ಲಾ ನೋಡಿಕೊಂಡು, ಹೊಸದಾಗಿ ಬಂದ ಇಬ್ಬರಿಗೆ ಸಿಮೆಂಟ್ ಕಲಸುವುದು ಹೇಳಿಕೊಡುತ್ತೇನೆ. ದಿನಕ್ಕೆ ಹತ್ತು ಸಲ ಕಲಸಿಸುತ್ತೇನೆ, ಅವಧಿ ಮುಗಿದ ಬಾಟಲಿಯಲ್ಲಿ. ಮ್ಯಾನೇಜರ್ ಎಂದು ಯಾರೂ ಕರೆಯುವುದಿಲ್ಲ, ಕೆಲಸ ಮಾತ್ರ ಅದೇ.

ಸ್ಟಾರ್ ಲೆಕ್ಕ: ಕೇರಿ-ಮನೆ ಪಾಠಕ್ಕೆ ಒಂದು. ಬರಿಗೈಲಿ ಹೋಗಿದ್ದರೆ ಒಳಗೆ ಬಿಡದ ಕ್ಲಿನಿಕ್, ಸರ್ಟಿಫಿಕೇಟ್ ನೋಡಿ ಒಳಗೆ ಬಿಟ್ಟಿತಲ್ಲ, ಅದಕ್ಕೆ ಒಂದು. ಸೂಜಿ, ಲಸಿಕೆ ಎಂದು ನಮ್ಮ ಹಿಂದೆ ಬಿದ್ದ ಮೇಡಂಗೆ ಒಂದು. ಇಳಿಯದ ಚೇರಿಗೆ ಒಂದು, ಗೋಡೆ ಬರಹಕ್ಕೆ ಒಂದು ಕಳೆದಿದ್ದೇನೆ.

ತಂಗಿಗೆ ಹೇಳಿದ್ದು ಇಷ್ಟು. ನಿನ್ನದು ಸೈನ್ಸ್, ಮೊದಲು ಹೈಜಿನಿಸ್ಟ್ ಸೀಟು ವಿಚಾರಿಸು. ಆಗದಿದ್ದರೆ ಇಲ್ಲಿಗೆ ಹೋಗಿ, ಒಬ್ಬೊಬ್ಬರಿಗೂ ಎಷ್ಟು ಸಲ ಕಲಸಲು ಕೊಡುತ್ತೀರಿ, ನಿಜವಾದ ಕ್ಲಿನಿಕ್ಕಿನಲ್ಲಿ ಎಷ್ಟು ವಾರ ನಿಲ್ಲಿಸುತ್ತೀರಿ ಎಂದು ಕೇಳು. ಶನಿವಾರ ಹೋಗಿ ಕೇಳಿಕೊಂಡು ಬಂದಳು. "ಡೆಮೋ ಇರುತ್ತೆ" ಎಂದರಂತೆ. ಮೇಡಂ ಬಗ್ಗೆಯೂ ಕೇಳಿದಳಂತೆ. ಅವರು ಬಿಟ್ಟು ಎರಡು ವರ್ಷ ಆಯಿತಂತೆ.

ಹಾಗಾದರೆ ಎರಡು ಸ್ಟಾರ್ ಎಂದು ಓದಿಕೊಳ್ಳಿ.