ಇ10, ಇ15, ಇ30, ಇ85: ಒಂದೇ ಕಾರಿನಲ್ಲಿ ನಾಲ್ಕನ್ನೂ ಓಡಿಸಿ ನೋಡಿದಾಗ

ನನ್ನದು ಹಳೆಯ ಶೆವರ್ಲೆ ಇಂಪಾಲಾ, 3.6 ಲೀಟರಿನ ವಿ6 ಇಂಜಿನ್. ಟ್ಯಾಂಕಿನ ಮುಚ್ಚಳ ಹಳದಿ, ಅಂದರೆ ಫ್ಲೆಕ್ಸ್ ಫ್ಯುಯೆಲ್ ಗಾಡಿ, ಇ85ರವರೆಗಿನ ಯಾವ ಬೆರಕೆಯಲ್ಲೂ ಓಡುತ್ತದೆ. ನಾನಿರುವ ಅಮೆರಿಕದ ಮಿನ್ನೆಸೋಟಾದಲ್ಲಿ ಇಂಥ ಕಾರಿಗೆ ನಾಲ್ಕು ಬಗೆಯ ಇಂಧನ ಸುಲಭವಾಗಿ ಸಿಗುತ್ತದೆ: ಮಾಮೂಲಿ ಇ10, ಸ್ವಲ್ಪ ಅಗ್ಗದ ಇ15, ಕೆಲವು ಪಂಪ್‌ಗಳಲ್ಲಿ ಇ30, ಕೊನೆಗೆ ಇ85. ‘ಇ’ ಮುಂದಿನ ಅಂಕಿ ಪೆಟ್ರೋಲಿಗೆ ಬೆರೆಸಿದ ಎಥೆನಾಲ್‌ನ (ಬೆಳೆಯಿಂದ ಬಟ್ಟಿ ಇಳಿಸುವ ಆಲ್ಕೊಹಾಲ್) ಶೇಕಡಾವಾರು ಪಾಲು. ಬೇಸಿಗೆ, ಚಳಿಗಾಲ ಎರಡರಲ್ಲೂ ನಾಲ್ಕನ್ನೂ ಓಡಿಸಿ ನೋಡಿದ ಮೇಲೆ ನಾನು ಬಂದಿರುವ ತೀರ್ಮಾನ ಇದು: ಬೇಸಿಗೆಯಲ್ಲಿ ಊರೊಳಗಿನ ಓಡಾಟಕ್ಕೆ ಇ85, ಅದೂ ದರ ಹೊಂದಿದರೆ ಮಾತ್ರ. ದೂರದ ಪ್ರಯಾಣಕ್ಕೂ ಕೊರೆಯುವ ಚಳಿಗೂ ಇ10 ಅಥವಾ ಇ15.

ಮೊದಲು ಮೈಲೇಜು, ಏಕೆಂದರೆ ಎಲ್ಲರೂ ಕೇಳುವುದು ಅದನ್ನೇ. ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಸುಮಾರು ಮೂರನೇ ಎರಡರಷ್ಟು. ಹಾಗಾಗಿ ಬೆರಕೆ ಹೆಚ್ಚಿದಷ್ಟೂ ಮೈಲೇಜು ಇಳಿಯಲೇಬೇಕು, ಅದಕ್ಕೆ ಯಾವ ಇಂಜಿನ್ನೂ ಹೊರತಲ್ಲ. ಹೆದ್ದಾರಿಯಲ್ಲಿ ನನಗೆ ಇ10ರಲ್ಲಿ ಗ್ಯಾಲನ್‌ಗೆ 28 ಮೈಲಿ ಬರುತ್ತದೆ, ನಮ್ಮೂರ ಲೆಕ್ಕದಲ್ಲಿ ಲೀಟರ್‌ಗೆ ಹೆಚ್ಚುಕಡಿಮೆ 12 ಕಿ.ಮೀ. ಇ15ಕ್ಕೂ ಇದಕ್ಕೂ ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಇ30ರಲ್ಲಿ 26. ಇ85ರಲ್ಲಿ 21, ಅಂದರೆ ಲೀಟರ್‌ಗೆ 9 ಕಿ.ಮೀ. ಆಸುಪಾಸು. ಅಮೆರಿಕದ ಇಂಧನ ಇಲಾಖೆಯೂ ಇ85ರಲ್ಲಿ ಮೈಲೇಜು ಶೇ. 15ರಿಂದ 27ರವರೆಗೆ ಇಳಿಯುತ್ತದೆ ಎನ್ನುತ್ತದೆ. ನನ್ನ ಕಾರು ಆ ಅಂದಾಜಿನೊಳಗೇ ಇದೆ.

ದರದ ಬೋರ್ಡ್ ನೋಡಿ ಮೋಸಹೋಗುವುದು ಇಲ್ಲಿಯೇ. ಇ10 ಗ್ಯಾಲನ್‌ಗೆ 3.20 ಡಾಲರ್, ಇ85 2.70 ಡಾಲರ್ ಇದೆ ಎಂದುಕೊಳ್ಳಿ. ಐವತ್ತು ಸೆಂಟ್ ಉಳಿತಾಯದಂತೆ ಕಾಣುತ್ತದೆ. ಆದರೆ ಮೈಲಿಯ ಲೆಕ್ಕ ಹಾಕಿದರೆ ಇ10ಕ್ಕೆ ಮೈಲಿಗೆ 11.4 ಸೆಂಟ್, ಇ85ಕ್ಕೆ 12.9 ಸೆಂಟ್. ಅಗ್ಗದ್ದು ಹಾಕಿಸಿದವರೇ ಹೆಚ್ಚು ಖರ್ಚು ಮಾಡಿದ ಹಾಗಾಯಿತು! ನನ್ನ ಕಾರಿಗೆ ಇ85 ಲಾಭ ಕೊಡಬೇಕಾದರೆ ಅದು 2.40 ಡಾಲರಿಗಿಂತ ಕೆಳಗಿರಬೇಕು, ಅಂದರೆ ಇ10ಕ್ಕಿಂತ ಕಾಲುಭಾಗ ಕಡಿಮೆ. ಬ್ರೆಜಿಲ್‌ನಲ್ಲಿ ಕಾರು ಓಡಿಸುವವರಿಗೆ ಈ ಲೆಕ್ಕ ಬಾಯಿಪಾಠ. ಅಲ್ಲಿ ಎಥೆನಾಲ್ ದರ ಪೆಟ್ರೋಲಿನ ಶೇ. 70ಕ್ಕಿಂತ ಕಡಿಮೆಯಿದ್ದರೆ ಎಥೆನಾಲ್, ಇಲ್ಲದಿದ್ದರೆ ಪೆಟ್ರೋಲ್. 2003ರಲ್ಲಿ ಫೋಕ್ಸ್‌ವ್ಯಾಗನ್ ಗೋಲ್ ಟೋಟಲ್ ಫ್ಲೆಕ್ಸ್ ಅಲ್ಲಿಗೆ ಬಂದಾಗಿನಿಂದ ಆ ಆಯ್ಕೆ ಸಾಮಾನ್ಯ ಜನರ ಕೈಯಲ್ಲಿದೆ.

ಓಡಿಸುವ ಸುಖದಲ್ಲಿ ಮಾತ್ರ ಇ85 ಗೆಲ್ಲುತ್ತದೆ. ಅದರ ಆಕ್ಟೇನ್, ಅಂದರೆ ನಾಕ್ ತಡೆಯುವ ಗುಣದ ಅಳತೆ, ಇಲ್ಲಿನ ಮಾಮೂಲಿ ಇ10ರ 87ಕ್ಕಿಂತ ಸಾಕಷ್ಟು ಹೆಚ್ಚು. ಎಥೆನಾಲ್ ಆವಿಯಾಗುವಾಗ ಶಾಖವನ್ನು ಹೆಚ್ಚು ಹೀರಿಕೊಂಡು ಒಳಬರುವ ಗಾಳಿಯನ್ನು ತಂಪು ಮಾಡುತ್ತದೆ, ಇಂಜಿನ್ ನಾಕ್ ಆಗುವುದಿಲ್ಲ, ಅಂದರೆ ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಬಡಿತದ ಸದ್ದು ಬರುವುದಿಲ್ಲ. ಹೆದ್ದಾರಿಗೆ ಸೇರುವ ರಾಂಪ್‌ನಲ್ಲಿ ಆಕ್ಸಿಲರೇಟರ್ ಒತ್ತಿದರೆ ಕಾರು ಹಗುರಾಗಿ ಮುನ್ನುಗ್ಗುತ್ತದೆ. ಇ30ರಲ್ಲೂ ಈ ಚುರುಕಿನ ಒಂದು ಪಾಲು ಸಿಗುತ್ತದೆ, ಮೈಲೇಜಿನ ಹೊಡೆತವೂ ಅಷ್ಟಿಲ್ಲ. ನನಗೆ ಅತ್ಯಂತ ಇಷ್ಟವಾದ ಬೆರಕೆ ಅದೇ. ಆದರೆ ಆ ಪಂಪ್ ಎಲ್ಲ ಕಡೆ ಇರುವುದಿಲ್ಲ.

ಚಳಿಗಾಲದ ಕಥೆ ಬೇರೆ. ಎಥೆನಾಲ್ ಶೀತದಲ್ಲಿ ಸುಲಭವಾಗಿ ಆವಿಯಾಗುವುದಿಲ್ಲ, ಆವಿಯಾಗದೆ ಹೊತ್ತಿಕೊಳ್ಳುವುದಿಲ್ಲ. ಇದಕ್ಕಾಗಿಯೇ ಇಲ್ಲಿ ಇ85 ಎಂದು ಮಾರುವುದರಲ್ಲಿ ಎಥೆನಾಲ್ ವರ್ಷವಿಡೀ ಶೇ. 85 ಇರುವುದಿಲ್ಲ. ಋತು, ಪ್ರದೇಶ ನೋಡಿ ಶೇ. 51ರಿಂದ 83ರವರೆಗೆ ಬದಲಾಗುತ್ತದೆ, ಚಳಿಯಲ್ಲಿ ಪೆಟ್ರೋಲಿನ ಪಾಲು ಹೆಚ್ಚು. ಆದರೂ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿದ ಬೆಳಗ್ಗೆ ಇ85 ತುಂಬಿದ ಕಾರು ಸ್ಟಾರ್ಟ್ ಆಗಲು ಎಳೆದಾಡುತ್ತದೆ, ಮೊದಲ ಕೆಲವು ನಿಮಿಷ ಐಡಲಿಂಗ್ ಒರಟು. ಇ10ರಲ್ಲಿ ಈ ತೊಂದರೆ ನನಗೆ ಬಂದಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನಾನು ಇ85ರ ಗೊಡವೆಗೇ ಹೋಗುವುದಿಲ್ಲ.

ದೂರದ ದಾರಿಗೂ ಅದು ಹೊಂದುವುದಿಲ್ಲ. ಟ್ಯಾಂಕ್ 17 ಗ್ಯಾಲನ್‌ನದು. ಮಿನ್ನಿಯಾಪೊಲಿಸ್‌ನಿಂದ ಶಿಕಾಗೊಗೆ ಸುಮಾರು 400 ಮೈಲಿ. ಇ10 ತುಂಬಿಸಿದರೆ ಒಂದೇ ಟ್ಯಾಂಕಿನಲ್ಲಿ ತಲುಪಬಹುದು, ಇ85 ಆದರೆ ನಡುವೆ ನಿಲ್ಲಲೇಬೇಕು. ಎಥೆನಾಲ್ ತಯಾರಿಸುವ ಮೆಕ್ಕೆಜೋಳ ಬೆಳೆಯುವ ರಾಜ್ಯಗಳನ್ನು ದಾಟಿದರೆ ಇ85 ಪಂಪ್ ಹುಡುಕುವುದೇ ಕೆಲಸ. ಹಾಗೆಂದು ಗಾಬರಿ ಬೇಡ. ಟ್ಯಾಂಕಿನಲ್ಲಿ ಏನೇ ಇರಲಿ, ಅದರ ಮೇಲೆ ಈ ನಾಲ್ಕರಲ್ಲಿ ಯಾವುದನ್ನು ಬೇಕಾದರೂ ತುಂಬಿಸಬಹುದು. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲ್ ಉರಿಯಲು 14.7 ಪಾಲು ಗಾಳಿ ಬೇಕು, ಶುದ್ಧ ಎಥೆನಾಲ್‌ಗೆ 9 ಪಾಲು ಸಾಕು, ಅಂದರೆ ಎಥೆನಾಲ್ ಹೆಚ್ಚಿದಷ್ಟೂ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಸುರಿಯಬೇಕು. ಬೆರಕೆ ಎಷ್ಟೆಂದು ಸೆನ್ಸರ್ ಮೂಲಕ ಅಂದಾಜಿಸಿ ಇಂಜೆಕ್ಟರ್‌ಗೆ ಎಷ್ಟು ಸುರಿಯಬೇಕೆಂದು ಕಾರಿನ ಕಂಪ್ಯೂಟರ್ ಹೇಳುತ್ತದೆ. ಇಂಧನ ಬದಲಿಸಿದ ಮೇಲೆ ಅದು ಹೊಂದಿಕೊಳ್ಳಲು ಕೆಲವು ಮೈಲಿ ಓಡಿಸಬೇಕು. ಪಂಪ್‌ನಿಂದ ನೇರ ಮನೆಗೆ ಬಂದು ನಿಲ್ಲಿಸಿಬಿಡಬೇಡಿ.

ಹಳದಿ ಮುಚ್ಚಳವಿಲ್ಲದ ಕಾರಿಗೆ ಇ30, ಇ85 ಎರಡೂ ಬೇಡ. ಇ15ಕ್ಕೆ 2001 ಮತ್ತು ಆಮೇಲಿನ ಕಾರುಗಳಿಗೆ ಇಲ್ಲಿ ಅನುಮತಿ ಇದೆ. ಬೈಕು, ಹುಲ್ಲು ಕತ್ತರಿಸುವ ಯಂತ್ರ, ಹಿಮ ತೆಗೆಯುವ ಯಂತ್ರಗಳಿಗೆ ಇ10ಕ್ಕಿಂತ ಹೆಚ್ಚು ಹಾಕುವಂತಿಲ್ಲ. ಎಥೆನಾಲ್ ನೀರನ್ನು ಸೆಳೆಯುತ್ತದೆ, ಅದಕ್ಕಾಗಿ ಮಾಡದ ರಬ್ಬರ್ ಪೈಪನ್ನೂ ಕೆಲವು ಲೋಹಗಳನ್ನೂ ತಿನ್ನುತ್ತದೆ.

ದಾವಣಗೆರೆ ಸೀಮೆಯವನಾದ ನನಗೆ ಇಲ್ಲಿನ ಮೆಕ್ಕೆಜೋಳದ ಹೊಲಗಳ ನಡುವೆ ಓಡಾಡುವಾಗ ಎಥೆನಾಲ್ ರೈತನಿಗೆ ಕೊಡುವ ಆಸರೆ ಕಣ್ಣಿಗೆ ಕಾಣುತ್ತದೆ. ಅಮೆರಿಕದ ಮೆಕ್ಕೆಜೋಳದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಎಥೆನಾಲ್‌ಗೇ ಹೋಗುತ್ತದೆ. ಆ ಜೋಳಕ್ಕೆ ಬೇಕಾದ ಗೊಬ್ಬರ, ನೆಲ, ಬಟ್ಟಿ ಇಳಿಸಲು ಸುಡುವ ಗ್ಯಾಸ್ ಎಲ್ಲ ಸೇರಿಸಿದರೆ ಪರಿಸರಕ್ಕೆ ಆಗುವ ಲಾಭ ಜಾಹೀರಾತು ಹೇಳುವಷ್ಟು ದೊಡ್ಡದಲ್ಲ ಎಂಬುದು ನನ್ನ ಅಭಿಪ್ರಾಯ. ಕಬ್ಬಿನಿಂದ ಮಾಡುವ ಬ್ರೆಜಿಲ್‌ನವರ ಲೆಕ್ಕ ಇದಕ್ಕಿಂತ ಚೆನ್ನಾಗಿದೆ. ಕಬ್ಬಿನ ಸಿಪ್ಪೆಯನ್ನೇ ಅವರು ಕಾರ್ಖಾನೆಯಲ್ಲಿ ಉರಿಸುತ್ತಾರೆ.

ಊರಿನಿಂದ ಫೋನ್ ಮಾಡಿದಾಗಲೆಲ್ಲ ನಮ್ಮಣ್ಣ ಕೇಳುವುದು ಇ20ಯ ಬಗ್ಗೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಅದಕ್ಕೆ ಚಾಲನೆ ಸಿಕ್ಕಿತು, ಈಗ ಬಹುತೇಕ ಬಂಕ್‌ಗಳಲ್ಲಿ ಅದೊಂದೇ. ಹಳೆಯ ಕಾರುಗಳಲ್ಲಿ ಮೈಲೇಜು ಶೇ. 6–7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ನನ್ನ ಆಕ್ಷೇಪ ಎಥೆನಾಲ್ ಮೇಲಲ್ಲ. ನನಗೆ ಇಲ್ಲಿ ಕಡಿಮೆ ಶಕ್ತಿಯ ಇಂಧನ ಕಡಿಮೆ ದರಕ್ಕೆ ಸಿಗುತ್ತದೆ, ಬೇಡವೆಂದರೆ ಪಕ್ಕದ ಪಂಪ್ ಇದೆ. ಅಣ್ಣನ ಹಳೆಯ ಕಾರಿಗೆ ಆ ಎರಡೂ ಇಲ್ಲ. ಇ20ಗೆ ಮೈಲೇಜು ಇಳಿದಷ್ಟು ದರವನ್ನೂ ಇಳಿಸಲಿ, ಹಳೆಯ ಗಾಡಿಗಳಿಗೆಂದು ಒಂದು ಪಂಪಿನಲ್ಲಾದರೂ ಇ10 ಉಳಿಸಲಿ.