ಕಾಯುವ ಹೊತ್ತಿನ ಲೆಕ್ಕ: ಪ್ಲೇ ಸ್ಕೂಲ್, ಅಂಗನವಾಡಿ, ಮಾಂಟೆಸರಿ

ನಮ್ಮ ಮಗಳು ಒಂದನೇ ತರಗತಿಯ ಮೆಟ್ಟಿಲು ಹತ್ತುವ ಮುನ್ನವೇ ಮೂರು ಬಗೆಯ ಶಿಶುಶಾಲೆಗಳನ್ನು ಕಂಡಿದ್ದಾಳೆ. ಇದು ಯೋಚಿಸಿ ಮಾಡಿದ ಪ್ರಯೋಗವಲ್ಲ. ಮೈಸೂರಿನಲ್ಲಿ ಮನೆಗೆ ಹತ್ತಿರವೆಂಬ ಕಾರಣಕ್ಕೆ ಮೊದಲು ಒಂದು ಪ್ಲೇ ಸ್ಕೂಲಿಗೆ ಸೇರಿಸಿದೆವು; ಹೆಂಡತಿ ಎರಡನೆಯ ಹೆರಿಗೆಗೆಂದು ತಿ. ನರಸೀಪುರ ತಾಲ್ಲೂಕಿನ ತವರಿಗೆ ಹೋದಾಗ ಮಗಳು ಮೂರು ತಿಂಗಳು ಅಲ್ಲಿನ ಅಂಗನವಾಡಿಗೆ ಹೋದಳು. ಬಾಣಂತನ ಮುಗಿದು ಎಲ್ಲರೂ ಮರಳಿದ ಮೇಲೆ, ಮುಂದಿನ ಜೂನ್‌ನಿಂದ ಒಂದು ಮಾಂಟೆಸರಿಗೆ ಹೋಗುತ್ತಿದ್ದಾಳೆ. ಆಟ ಮತ್ತು ಕಲಿಕೆ ಎರಡನ್ನೂ ಸರಿತೂಗಿಸುತ್ತೇವೆಂದು ಮೂರೂ ಕಡೆಯವರು ಹೇಳಿದ್ದರಿಂದ ಅವರ ಮಾತಿನಿಂದ ನನಗೆ ಏನೂ ತಿಳಿಯಲಿಲ್ಲ. ಕೊನೆಗೆ ನಾನು ಹಿಡಿದ ಅಳತೆಗೋಲು ಬೇರೆಯದೇ ಆಯಿತು: ಬೆಳಗಿನ ಒಂದು ಗಂಟೆಯಲ್ಲಿ ಮಗು ಏನೂ ಮಾಡಲು ಇಲ್ಲದೆ ಎಷ್ಟು ಹೊತ್ತು ಕಾಯುತ್ತದೆ?

ಈ ಪ್ರಶ್ನೆ ಹೊಳೆದದ್ದು ಪ್ಲೇ ಸ್ಕೂಲಿನವರ ಕೃಪೆಯಿಂದಲೇ. ತರಗತಿಯ ಕ್ಯಾಮೆರಾವನ್ನು ಪೋಷಕರು ಮೊಬೈಲಿನಲ್ಲಿ ನೋಡುವ ವ್ಯವಸ್ಥೆ ಅಲ್ಲಿತ್ತು, ಮತ್ತು ಅದನ್ನು ಅವರು ದೊಡ್ಡ ಸೌಲಭ್ಯವೆಂದು ಹೇಳಿಕೊಳ್ಳುತ್ತಿದ್ದರು. ಒಂದು ದಿನ ಕಚೇರಿಯಲ್ಲಿ ಕೆಲಸವಿಲ್ಲದ ಹೊತ್ತಿನಲ್ಲಿ ನಾನು ನಲವತ್ತು ನಿಮಿಷ ನೋಡುತ್ತಾ ಕುಳಿತೆ. ಇಪ್ಪತ್ತೆರಡು ಮಕ್ಕಳು, ಒಬ್ಬರು ಮಿಸ್, ಒಬ್ಬರು ಆಯಾ. ಅಂದಿನ ಪಾಠ ಸ್ಟ್ಯಾಂಡಿಂಗ್ ಲೈನ್ ಮತ್ತು ಸ್ಲೀಪಿಂಗ್ ಲೈನ್, ಅಂದರೆ ನೇರ ನಿಂತ ಗೆರೆ ಮತ್ತು ಅಡ್ಡ ಮಲಗಿದ ಗೆರೆ. ಚುಕ್ಕೆಗಳ ಮೇಲೆ ಪೆನ್ಸಿಲ್ ಎಳೆಯಬೇಕು. ಮಿಸ್ ಒಂದೊಂದೇ ಮಗುವಿನ ಕೈ ಹಿಡಿದು ಬರೆಸುತ್ತಿದ್ದರು. ಮಗಳ ಸರದಿ ಬರುವವರೆಗೆ ಹದಿನೇಳು ನಿಮಿಷ ಅವಳು ಕುರ್ಚಿಯಲ್ಲಿ ಕುಳಿತು ಸಾಕ್ಸಿನ ದಾರ ಕೀಳುತ್ತಿದ್ದಳು. ಆಟದ ಪೀರಿಯಡ್ಡಿನಲ್ಲೂ ಕತೆ ಇದೇ ಆಗಿತ್ತು: ಜಾರುಬಂಡಿ ಒಂದೇ, ಸಾಲು ಉದ್ದ. ಆ ಮಿಸ್ ಮೇಲೆ ನನಗೆ ದೂರಿಲ್ಲ, ಅಷ್ಟು ಮಕ್ಕಳನ್ನು ಕೊಟ್ಟರೆ ಯಾರಾದರೂ ಸಾಲು ನಿಲ್ಲಿಸಲೇಬೇಕು. ಆದರೆ ಅಲ್ಲಿ ಕೊರತೆಯಿದ್ದದ್ದು ಆಟದ್ದೂ ಅಲ್ಲ, ಕಲಿಕೆಯದ್ದೂ ಅಲ್ಲ. ಎರಡೂ ವೇಳಾಪಟ್ಟಿಯಲ್ಲಿದ್ದವು, ಎರಡರ ನಡುವೆಯೂ ಕಾಯುವಿಕೆ ತುಂಬಿಕೊಂಡಿತ್ತು. ಕೈ ಮೇಲೆ ಸ್ಟಾರ್ ಒತ್ತಿಸಿಕೊಂಡು ಬಂದ ದಿನ ಮಗಳಿಗೆ ಸಂತೋಷವಾಗುತ್ತಿತ್ತು ಎಂಬುದನ್ನೂ ಹೇಳಬೇಕು. ನಾಲ್ಕು ತಿಂಗಳಲ್ಲಿ ಹಾಡುಗಳನ್ನೂ, ಊಟದ ಡಬ್ಬಿ ತಾನೇ ತೆರೆಯುವುದನ್ನೂ, ಅಮ್ಮನನ್ನು ಬಿಟ್ಟಿರುವುದನ್ನೂ ಅಲ್ಲೇ ಕಲಿತಳು. ವರ್ಷಕ್ಕೆ 42,000 ರೂಪಾಯಿಗೆ ಅದು ಕಡಿಮೆಯೋ ಹೆಚ್ಚೋ ಎಂಬುದು ಅವರವರ ಜೇಬಿಗೆ ಬಿಟ್ಟದ್ದು.

ಅಂಗನವಾಡಿಯ ವಿಷಯದಲ್ಲಿ ನನಗೆ ಪೂರ್ವಗ್ರಹವಿತ್ತು. ಅದು ಅನ್ನ ಹಾಕುವ, ಲಸಿಕೆ ಹಾಕಿಸುವ ಜಾಗವೇ ಹೊರತು ಕಲಿಸುವ ಜಾಗವಲ್ಲವೆಂದು ಎಷ್ಟೋ ಜನರಂತೆ ನಾನೂ ತಿಳಿದಿದ್ದೆ. ಆದರೆ ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ ಕೊಡುವುದು ಆರಂಭದಿಂದಲೂ ಅದರ ಕೆಲಸಗಳಲ್ಲಿ ಒಂದು. ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ ಸೇವೆ) ಯೋಜನೆ ದೇಶದಲ್ಲಿ 1975ರ ಅಕ್ಟೋಬರ್ 2ರಂದು ಶುರುವಾದಾಗ ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಇದೇ ತಿ. ನರಸೀಪುರ ಎಂಬುದನ್ನು ನನಗೆ ಹೇಳಿದವರು ನನ್ನ ಮಾವ, ಅದೂ ಸ್ವಲ್ಪ ಗರ್ವದಿಂದಲೇ.

ನಾನು ಶನಿವಾರ ಊರಿಗೆ ಹೋದಾಗಲೆಲ್ಲ ಮಗಳನ್ನು ಬಿಡಲು ಹೋಗಿ ಅರ್ಧ ಗಂಟೆ ಜಗಲಿಯ ಮೇಲೆ ಕೂರುತ್ತಿದ್ದೆ. ಒಮ್ಮೆ ನೋಡಿದ ಚಿತ್ರ ಈಗಲೂ ಕಣ್ಣ ಮುಂದಿದೆ. ಒಂದು ಹಿಡಿ ಹುಣಸೆಬೀಜವನ್ನು ನೆಲದ ಮೇಲೆ ಸುರಿದುಕೊಂಡು, ಐದು ವರ್ಷದ ಹುಡುಗಿಯೊಬ್ಬಳು ನಮ್ಮ ಮಗಳಿಗೆ ಲೆಕ್ಕ ಹೇಳಿಕೊಡುತ್ತಿದ್ದಳು. ಹತ್ತು ಬೀಜವಾದರೆ ಒಂದು ಮನೆ, ಮನೆಯ ಸುತ್ತ ಸೀಮೆಸುಣ್ಣದ ಗೆರೆ. ಹನ್ನೊಂದನೆಯ ಬೀಜ ಬಂದಾಗ ಮಗಳು ಅದನ್ನೂ ಒಳಗೆ ತುರುಕಲು ನೋಡಿದಳು. "ಜಾಗ ಇಲ್ಲ ಕಣೇ, ಹೊಸ ಮನೆ ಕಟ್ಟು" ಎಂದು ಆ ಹುಡುಗಿ ಗದರಿದಳು. ಹತ್ತರ ಸ್ಥಾನವೆಂದರೆ ಏನೆಂದು ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ನಮ್ಮ ಮಗಳಿಗೆ ಹೇಳಲಾರದು. ಎಲ್ಲ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿರುವುದನ್ನು ನಾವು ಬಡತನದ ಲಕ್ಷಣವೆಂದುಕೊಳ್ಳುತ್ತೇವೆ; ಅದೇ ಅಲ್ಲಿನ ದೊಡ್ಡ ಬಲ. ಕಾಯುವ ಹೊತ್ತು ಅಲ್ಲಿ ಇರಲೇ ಇಲ್ಲ.

ಇರದಿದ್ದದ್ದು ಕ್ರಮ. ಕಾರ್ಯಕರ್ತೆ ಕತೆ ಹೇಳುವಾಗ, ಚಿತ್ರಪಟ ತೋರಿಸಿ ಮಾತನಾಡಿಸುವಾಗ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಆದರೆ ಮಕ್ಕಳ ತೂಕ ನೋಡಿ ಬರೆಯಬೇಕು, ಮನೆಗೆ ಕೊಡುವ ಆಹಾರದ ಲೆಕ್ಕವಿಡಬೇಕು, ಎಲ್ಲವನ್ನೂ ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಮೊಬೈಲ್ ಆ್ಯಪಿನಲ್ಲಿ ತುಂಬಬೇಕು. "ನೆಟ್‌ವರ್ಕ್ ಸಿಕ್ಕಿದಾಗಲೇ ಹಾಕ್ಬೇಕು ಅಳಿಯಂದ್ರೇ, ಕತೆ ನಾಳೆ ಹೇಳ್ತೀನಿ" ಎಂದು ಅವರು ಮೊಬೈಲ್ ಹಿಡಿದು ಅಂಗಳದ ಬೇವಿನ ಮರದ ಕೆಳಗೆ ನಿಂತ ದಿನಗಳು ಅನೇಕ. ಮೂರು ತಿಂಗಳಲ್ಲಿ ಮಗಳು ಕುರುಬರ ಬೀದಿಯ ಕನ್ನಡವನ್ನೂ ಹುಣಸೆಬೀಜದ ಗಣಿತವನ್ನೂ ಕಲಿತಳು. ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬಳೇ ಮಾಡಿ ಮುಗಿಸುವುದನ್ನು ಕಲಿಯಲಿಲ್ಲ.

ಅದನ್ನು ಕಲಿಸಿದ್ದು ಮಾಂಟೆಸರಿ. ಈ ಪದ್ಧತಿಯನ್ನು ರೂಪಿಸಿದ ಇಟಲಿಯ ಮಾರಿಯಾ ಮಾಂಟೆಸರಿ 1939ರಲ್ಲಿ ಭಾರತಕ್ಕೆ ಬಂದವರು ಯುದ್ಧದ ಕಾರಣ 1946ರವರೆಗೆ ಇಲ್ಲೇ ಉಳಿದು, ಮದರಾಸಿನ ಅಡಯಾರಿನಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟರು. ಆ ಹೆಸರು ನಮ್ಮ ಕಡೆಯ ಊರುಗಳಲ್ಲಿ ಇಷ್ಟು ಪರಿಚಿತವಾಗಿರುವುದಕ್ಕೆ ಅದೂ ಒಂದು ಕಾರಣ. ಆದರೆ ಆ ಹೆಸರಿನ ಬೋರ್ಡನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ನಾವು ನೋಡಿದ ನಾಲ್ಕರಲ್ಲಿ ಎರಡು ಕಡೆ, ಮಕ್ಕಳು ತಾವೇ ಕೈಯಲ್ಲಿ ಹಿಡಿದು ಕಲಿಯಬೇಕಾದ ಸಾಮಗ್ರಿಗಳು ಗಾಜಿನ ಬೀರುವಿನೊಳಗೆ ಬೀಗ ಹಾಕಿಸಿಕೊಂಡು ಕುಳಿತಿದ್ದವು, ಮಕ್ಕಳ ಕೈಯಲ್ಲಿ ಕಾಪಿ ಪುಸ್ತಕವಿತ್ತು.

ನಾವು ಆರಿಸಿದ ಕಡೆ ಮೊದಲ ಎರಡು ವಾರ ಮಗಳು ಮಾಡಿದ್ದು ಒಂದೇ ಕೆಲಸ: ಪುಟ್ಟ ಹೂಜಿಯಿಂದ ಎರಡು ಲೋಟಕ್ಕೆ ನೀರು ಸಮವಾಗಿ ಬಗ್ಗಿಸುವುದು, ಚೆಲ್ಲಿದರೆ ಒರೆಸುವುದು, ಮತ್ತೆ ಬಗ್ಗಿಸುವುದು. ಇದಕ್ಕೆ ಫೀಸು ಕಟ್ಟಬೇಕೇ ಎಂದು ನನ್ನ ತಾಯಿ ಕೇಳಿದರು. ಮೂರನೆಯ ವಾರ ಮನೆಯಲ್ಲಿ ಅವಳೇ ಅಜ್ಜಿಗೆ ಮಜ್ಜಿಗೆ ಬಗ್ಗಿಸಿಕೊಟ್ಟಾಗ ಆ ಪ್ರಶ್ನೆ ನಿಂತಿತು. ಆ ಬಳಿಕ ಬಂದದ್ದು ಮರಳುಕಾಗದದ ಅಕ್ಷರಗಳು. ಬೆರಳಿನಿಂದ ಸವರುತ್ತಾ ಸದ್ದು ಹೇಳಬೇಕು. ಈ ಪದ್ಧತಿ ಕನ್ನಡಕ್ಕೆ ಹೇಳಿ ಮಾಡಿಸಿದಂತಿದೆ, ಏಕೆಂದರೆ ನಮ್ಮಲ್ಲಿ ಅಕ್ಷರದ ಹೆಸರೂ ಅದರ ಸದ್ದೂ ಒಂದೇ. 'ಕ'ವನ್ನು 'ಕ' ಎಂದೇ ಕರೆಯುತ್ತೇವೆ. ಇಂಗ್ಲಿಷಿನಲ್ಲಾದರೆ 'ಬೀ' ಎಂದು ಕಲಿತದ್ದನ್ನು ಓದುವಾಗ 'ಬ್' ಎಂದು ತಿದ್ದಿಕೊಳ್ಳಬೇಕು. ಹೀಗಿದ್ದೂ ಅಲ್ಲಿ ಇಂಗ್ಲಿಷ್ ಅಕ್ಷರಗಳನ್ನೇ ಮೊದಲು ಕೊಟ್ಟು ಕನ್ನಡವನ್ನು ಒಂದು ವರ್ಷ ಮುಂದೂಡಿದ್ದು ನನಗೆ ಇಂದಿಗೂ ಸಮಾಧಾನ ತಂದಿಲ್ಲ.

ಇನ್ನೊಂದು ಅಸಮಾಧಾನವೂ ಇದೆ. ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗಿನ ಹತ್ತು ಗುಲಾಬಿ ಘನಗಳನ್ನು ಒಂದರ ಮೇಲೊಂದಿಟ್ಟು ಗೋಪುರ ಕಟ್ಟುವ ಸಾಮಗ್ರಿ ಅಲ್ಲಿದೆ. ನಮ್ಮ ಮಗಳು ಅವನ್ನು ಸಾಲಾಗಿ ಜೋಡಿಸಿ, ನರಸೀಪುರದ ಬಸ್ಸೆಂದು ಕರೆದು, ಟಿಕೆಟ್ ಕೊಡತೊಡಗಿದಳಂತೆ. ಆಂಟಿ (ಅಲ್ಲಿ ಶಿಕ್ಷಕಿಯನ್ನು ಕರೆಯುವುದೇ ಹಾಗೆ) ಮೃದುವಾಗಿಯೇ ಘನಗಳನ್ನು ಕಪಾಟಿಗೆ ಮರಳಿಸಿದರು. ಅಂಗನವಾಡಿಯಾಗಿದ್ದರೆ ಆ ಬಸ್ಸಿಗೆ ಇನ್ನೂ ಆರು ಮಂದಿ ಹತ್ತಿರುತ್ತಿದ್ದರು. ಮಾಂಟೆಸರಿಯಲ್ಲಿಯೂ ಕಾಯುವುದಿದೆ, ಪ್ರತಿ ಸಾಮಗ್ರಿಯೂ ಒಂದೊಂದೇ. ಆದರೆ ಬೇಕಾದದ್ದು ಬೇರೊಬ್ಬರ ಬಳಿ ಇದ್ದರೆ ಮಗು ಇನ್ನೊಂದನ್ನು ತೆಗೆದುಕೊಳ್ಳುತ್ತದೆ, ಸುಮ್ಮನೆ ಕೂರುವುದಿಲ್ಲ.

ಅವಸರ ಮಾಡಲು ಕಾರಣವೂ ಇರಲಿಲ್ಲ. ಜೂನ್ 1ಕ್ಕೆ 6 ವರ್ಷ ತುಂಬಿದವರಿಗೆ ಮಾತ್ರ ಒಂದನೇ ತರಗತಿಯೆಂದು ರಾಜ್ಯ ಸರ್ಕಾರ 2022ರಲ್ಲೇ ಆದೇಶಿಸಿದೆ. 2025-26ರ ಸಾಲಿಗೆ ಮಾತ್ರ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಲಾಯಿತು. ಜುಲೈಯಲ್ಲಿ ಹುಟ್ಟಿದ ನಮ್ಮ ಮಗಳು ಮೂಲ ನಿಯಮದಂತೆ ಏಳರ ಹೊಸ್ತಿಲಲ್ಲಿ ಒಂದನೇ ತರಗತಿಗೆ ಕೂರಬೇಕು. ಮೂರನೇ ವಯಸ್ಸಿನಲ್ಲಿ ಅವಳಿಂದ ಸ್ಲೀಪಿಂಗ್ ಲೈನ್ ಎಳೆಸಿದ್ದು ಯಾವ ರೈಲು ಹಿಡಿಯಲೆಂದು ನನಗೆ ಈಗಲೂ ಅರ್ಥವಾಗಿಲ್ಲ.

ಮಗನಿಗೆ ಬರುವ ಡಿಸೆಂಬರಿನಲ್ಲಿ ಮೂರು ತುಂಬುತ್ತದೆ. ಅವನನ್ನು ಜೂನ್‌ನಲ್ಲಿ ಅಕ್ಕನ ಮಾಂಟೆಸರಿಗೇ ಸೇರಿಸುವುದೆಂದೂ, ಅದುವರೆಗಿನ ಐದು ತಿಂಗಳು ನಮ್ಮ ಬಡಾವಣೆಯ ಗಣೇಶನ ಗುಡಿಯ ಹಿಂದಿರುವ ಅಂಗನವಾಡಿಗೆ ಕಳಿಸುವುದೆಂದೂ ತೀರ್ಮಾನಿಸಿದ್ದೇವೆ. ಮೊನ್ನೆ ವಿಚಾರಿಸಲು ಹೋದಾಗ ಅಲ್ಲಿನ ಕಾರ್ಯಕರ್ತೆ ನನ್ನನ್ನೂ ಹೊರಗೆ ನಿಲ್ಲಿಸಿದ್ದ ಕಾರನ್ನೂ ಒಮ್ಮೆ ನೋಡಿ, "ನಿಜವಾಗ್ಲೂ ಕಳಿಸ್ತೀರಾ ಸರ್?" ಎಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡ ಮೇಲೆ, ಮುಂದಿನ ಸಲ ಬರುವಾಗ ಮಗುವಿನ ಲಸಿಕೆ, ತೂಕಗಳನ್ನು ಬರೆದಿಡುವ ತಾಯಿ ಕಾರ್ಡ್ ತರಲು ಹೇಳಿದರು.