ಆನೆಗೊಂದಿಗೆ ಫೋಟೋ ತೆಗೆಸಲು ಹೋಗುವವರು ಮುಂಗಡ ಕೊಡುವ ಮೊದಲು ಓದಿ

ಹಂಪಿಯ ಎದುರು ದಡದ ಆನೆಗೊಂದಿ, ಸಾಣಾಪುರ, ಅಂಜನಾದ್ರಿಯ ಕಡೆಗೆ ಪ್ರವಾಸ ಹೊರಟು, ಅಲ್ಲೊಬ್ಬ ಫೋಟೋಗ್ರಾಫರನನ್ನು ಮೊದಲೇ ಗೊತ್ತುಮಾಡಿಕೊಳ್ಳೋಣವೆಂದು ಮೊಬೈಲ್ ಹಿಡಿದು ಕುಳಿತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಹದಿನಾಲ್ಕೂವರೆ ಸಾವಿರ ರೂಪಾಯಿ ಹೋಯಿತು. ಅದನ್ನು ಮತ್ತೆ ದುಡಿಯಬಹುದು. ದುಡಿದು ತರಲಾಗದ್ದು ಇನ್ನೊಂದು ಹೋಯಿತು. ಅದು ಏನೆಂದು ತಿಳಿಯಬೇಕಾದರೆ ನಮ್ಮ ಮನೆಯ ಗೋಡೆಯಿಂದ ಆರಂಭಿಸಬೇಕು.

ನಮ್ಮದು ಸಿಂಧನೂರು ತಾಲ್ಲೂಕಿನ ಹಳ್ಳಿ. ಗೋಡೆಯ ಮೇಲೆ ಅಜ್ಜನ ಫೋಟೋ ಇದೆ, ನನ್ನ ಮದುವೆಯದಿದೆ, ತಮ್ಮನ ಮಗನ ಜವಳದ್ದೂ ಇದೆ. ಅವ್ವ ಅಪ್ಪ ಜೋಡಿಯಾಗಿ ನಿಂತದ್ದು ಮಾತ್ರ ಒಂದೂ ಇಲ್ಲ. ನಲವತ್ತು ವರ್ಷದ ಹಿಂದೆ ಅವರ ಮದುವೆಗೆ ಪಟ್ಟಣದಿಂದ ಬಂದಿದ್ದ ಫೋಟೋದವನ ಕ್ಯಾಮೆರಾದೊಳಗೆ ಬೆಳಕು ಹೊಕ್ಕು ಇಡೀ ರೀಲು ಕೆಟ್ಟುಹೋಯಿತಂತೆ. ಮದುವೆಯ ಮರುವಾರ ಇಬ್ಬರೂ ಆನೆಗೊಂದಿಗೆ ಬಂದು, ಹರಿಗೋಲಿನಲ್ಲಿ ತುಂಗಭದ್ರೆ ದಾಟಿ, ಹಂಪಿಯ ಪಂಪಾಪತಿಯ ದರ್ಶನ ಮಾಡಿಕೊಂಡು ಹೋಗಿದ್ದರು. ಆಗಿನ್ನೂ ಕಡೇಬಾಗಿಲು–ಬುಕ್ಕಸಾಗರದ ಸೇತುವೆ ಇರಲಿಲ್ಲ; ಈ ದಡದವರು ದೂರದ ಸುತ್ತು ಹಾಕದೆ ಹಂಪಿಗೆ ಹೋಗಬೇಕಾದರೆ ಹರಿಗೋಲನ್ನೇ ಹತ್ತಬೇಕಿತ್ತು. ನಡುಹೊಳೆಯಲ್ಲಿ ಹರಿಗೋಲು ಗರಗರ ತಿರುಗಿದಾಗ ಅವ್ವ ಹೆದರಿ, ಇನ್ನೂ ಸರಿಯಾಗಿ ಮಾತೇ ಆಡಿರದ ಗಂಡನ ಧೋತರದ ಚುಂಗು ಹಿಡಿದುಕೊಂಡಿದ್ದಳಂತೆ. ಈ ಕಥೆಯನ್ನು ನಾವು ನೂರು ಸಲ ಕೇಳಿದ್ದೇವೆ. ಅದೇ ಜಾಗದಲ್ಲಿ, ಅದೇ ಮದುವೆಯ ಸೀರೆಯಲ್ಲಿ ಅವರ ಫೋಟೋ ತೆಗೆಸಬೇಕೆಂಬುದು ನನ್ನ ಆಸೆ.

ಇನ್‌ಸ್ಟಾಗ್ರಾಮಿನಲ್ಲಿ ಒಂದು ಪುಟ ಸಿಕ್ಕಿತು. ಸಾಣಾಪುರದ ಕೆರೆಯ ನೀರು, ಬಂಡೆಗಳ ಮೇಲೆ ಬಿದ್ದ ಎಳೆಬಿಸಿಲು, ಒಂದಕ್ಕಿಂತ ಒಂದು ಚೆಂದದ ಜೋಡಿಗಳು. ಕರೆ ಮಾಡಿದಾಗ ಮಾತಾಡಿದವನ ದನಿ ಬೆಣ್ಣೆಯಂತಿತ್ತು. “ಅಕ್ಕಾ, ನಿಮ್ಮ ಅವ್ವ ಅಪ್ಪ ಎಂದರೆ ನಮ್ಮ ಅವ್ವ ಅಪ್ಪ ಇದ್ದ ಹಾಗೆ. ಸೂರ್ಯ ಹುಟ್ಟುವಾಗ ಕಲ್ಲಿನ ರಥದ ಮುಂದೆ ನಿಲ್ಲಿಸಿ ತೆಗೆಯುತ್ತೇನೆ, ಅನುಮತಿಯೆಲ್ಲ ನಮ್ಮ ಜವಾಬ್ದಾರಿ” ಎಂದ. ಎರಡು ಗಂಟೆ ಕೆಲಸ, ನಲವತ್ತು ಎಡಿಟ್ ಮಾಡಿದ ಫೋಟೋ, ಜೊತೆಗೆ ತೆಗೆದ ಎಲ್ಲ ಮೂಲ ಫೋಟೋಗಳು, ಒಟ್ಟು ಹನ್ನೆರಡು ಸಾವಿರ. ಆರು ಸಾವಿರ ಮುಂಗಡವನ್ನು ಅವನು ಕೊಟ್ಟ ನಂಬರಿಗೆ ಹಾಕಿದೆ. ಹಣ ಪಡೆದವರ ಹೆಸರು ಬೇರೆಯೇ ತೋರಿಸಿತು. ಅಣ್ಣನ ಖಾತೆ ಎಂದ, ನಾನು ನಂಬಿದೆ.

ಸೂರ್ಯ ಹುಟ್ಟುವಾಗ ಕಲ್ಲಿನ ರಥದ ಮುಂದೆ ಎಂಬ ಆ ಒಂದು ಮಾತಿನಲ್ಲೇ ಸುಳ್ಳು ಇತ್ತು ಎಂಬುದು ಈಗ ಹೊಳೆಯುತ್ತದೆ. ಕಲ್ಲಿನ ರಥ ಇರುವುದು ಹೊಳೆಯ ಆಚೆ ದಡದ ವಿಜಯವಿಠ್ಠಲ ದೇವಸ್ಥಾನದ ಆವರಣದಲ್ಲಿ. ಅದು ಕೇಂದ್ರದ ಸಂರಕ್ಷಿತ ಸ್ಮಾರಕ, ಒಳಗೆ ಹೋಗಲು ಟಿಕೆಟ್ ಬೇಕು, ಟಿಕೆಟ್ ಕೊಡುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಹತ್ತಿರದ ಜಿಲ್ಲೆಯಲ್ಲೇ ಹುಟ್ಟಿ ಬೆಳೆದ ನಾನೇ ಇದನ್ನು ಯೋಚಿಸಲಿಲ್ಲ. ದೂರದಿಂದ ಬರುವವರಿಗೆ ಹೇಗೆ ಗೊತ್ತಾಗಬೇಕು?

ಜನವರಿಯ ಕೊನೆಯ ವಾರ. ನಸುಕಿನ ನಾಲ್ಕಕ್ಕೆ ಮನೆ ಬಿಟ್ಟೆವು. ಕಾರಟಗಿ, ಗಂಗಾವತಿ ದಾಟುವವರೆಗೂ ಅವ್ವ ಶಾಲು ಹೊದ್ದು, ಸೀರೆಯ ಸೆರಗು ಮುದುಡಬಾರದೆಂದು ಅದನ್ನು ಮಡಿಲಲ್ಲಿ ಹರವಿಕೊಂಡು ಕುಳಿತಿದ್ದಳು. ಇಳಕಲ್ ಸೀರೆ, ಟೋಪಿ ತೆನೆಯ ಸೆರಗು, ಗುಳೇದಗುಡ್ಡದ ಖಣದ ಕುಪ್ಪಸ. ಅಪ್ಪ ಹಿಂದಿನ ದಿನವೇ ಧೋತರಕ್ಕೆ ಇಸ್ತ್ರಿ ಹಾಕಿಸಿಕೊಂಡು ಬಂದಿದ್ದ.

ಸಾಣಾಪುರದಲ್ಲಿ ನಮಗಾಗಿ ಕಾಯುತ್ತಿದ್ದವನು ಫೋನಿನಲ್ಲಿ ಮಾತಾಡಿದವನಲ್ಲ. ಇಪ್ಪತ್ತರ ಆಸುಪಾಸಿನ ಹುಡುಗ, ಬೈಕಿನಲ್ಲಿ ಬಂದಿದ್ದ. ಅಣ್ಣನಿಗೆ ಬೇರೆ ಕಡೆ ಕೆಲಸ ಬಂತು ಎಂದ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಎಷ್ಟು ಕೂಲಿ ಸಿಗುತ್ತಿತ್ತೋ. ಆದರೆ ಅವನ ಫೋನು ಐದೈದು ನಿಮಿಷಕ್ಕೆ ರಿಂಗಾಗುತ್ತಿತ್ತು. ಅದೇ ಬೆಳಗಿನ ಅದೇ ಬಿಸಿಲನ್ನು ಇನ್ನೊಂದು ಜೋಡಿಗೂ ಮಾರಿದ್ದರು, ಅವರು ಆನೆಗೊಂದಿಯಲ್ಲಿ ಕಾಯುತ್ತಿದ್ದರು.

ಇಲ್ಲಿಂದ ನಡೆದದ್ದರಲ್ಲಿ ಒಂದನ್ನು ದಯವಿಟ್ಟು ಗಮನವಿಟ್ಟು ಓದಿ. ಅವನು ಅವ್ವ ಅಪ್ಪನನ್ನು ನೀರಿನಂಚಿನ ಒಂದು ಇಳಿಜಾರು ಬಂಡೆಯ ಮೇಲೆ ನಿಲ್ಲಿಸಿ, ಇನ್ನೊಂದು ಹೆಜ್ಜೆ ಹಿಂದೆ, ಇನ್ನೊಂದು ಹೆಜ್ಜೆ ಎನ್ನುತ್ತ ಹೋದ. ರಾತ್ರಿಯ ಮಂಜಿಗೆ ಬಂಡೆ ಒದ್ದೆಯಾಗಿತ್ತು. ಅಪ್ಪನಿಗೆ ಮೊಣಕಾಲು ನೋವು. ಅವನ ಚಪ್ಪಲಿ ಜಾರಿದ್ದನ್ನು ನಾನು ಕಣ್ಣಾರೆ ಕಂಡೆ. ಅವ್ವ ತೋಳು ಹಿಡಿದಳು. ಹುಡುಗ ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. 2025ರ ಫೆಬ್ರವರಿಯಲ್ಲಿ ಹೈದರಾಬಾದಿನ ಯುವ ವೈದ್ಯೆಯೊಬ್ಬರು ಇದೇ ಸಾಣಾಪುರದ ಬಳಿ ಬಂಡೆಯ ಮೇಲಿಂದ ಹೊಳೆಗೆ ಜಿಗಿದು ಸೆಳವಿಗೆ ಸಿಕ್ಕಿ ತೀರಿಕೊಂಡರು. ಮೇಲಿನಿಂದ ನೋಡಿದರೆ ನೀರು ಮಲಗಿದಂತೆ ಕಾಣುತ್ತದೆ, ಬಂಡೆಗಳ ಸಂದಿಯಲ್ಲಿ ಅದರ ಜೋರೇ ಬೇರೆ. ಫೋಟೋದವನು ಹೇಳಿದನೆಂದು ಯಾರೂ ಅಂಚಿಗೆ ಹೋಗಬೇಡಿ. ಅವನು ಚೌಕಟ್ಟನ್ನು ನೋಡುತ್ತಿರುತ್ತಾನೆ, ನಿಮ್ಮ ಕಾಲನ್ನಲ್ಲ.

ಇಪ್ಪತ್ತು ನಿಮಿಷಕ್ಕೆ ಅಲ್ಲಿನ ಕೆಲಸ ಮುಗಿಸಿದ. ಅಲ್ಲೇ “ಜಾಗದ ಶುಲ್ಕ” ಎಂದು ಸಾವಿರ ರೂಪಾಯಿ ಕೇಳಿದ. ರಸೀದಿ ಕೇಳಿದರೆ ಅದೆಲ್ಲ ಕೊಡುವುದಿಲ್ಲ ಎಂದ. ಆನೆಗೊಂದಿಯ ದಡಕ್ಕೆ ಬಂದ ಮೇಲೆ ಹರಿಗೋಲಿಗೆ ಬೇರೆ ಸಾವಿರದ ಐನೂರು. ಲೈಫ್ ಜಾಕೆಟ್ ಹಾಕಿದರೆ ಫೋಟೋ ಕೆಡುತ್ತದೆ ಎಂದು ಅದನ್ನೂ ಬೇಡವೆಂದ. ನಾನು ಅದೊಂದಕ್ಕೆ ಒಪ್ಪಲಿಲ್ಲ, ದಾಟುವಾಗ ಹಾಕಿಸಿದೆ. ದಡ ಮುಟ್ಟಿದ ಮೇಲೆ ಅಪ್ಪ ಹುಟ್ಟು ಹಾಕಿದ ಹಿರಿಯನನ್ನು ಮಾತಾಡಿಸಿದ. ಅವನ ಕೈಗೆ ಬಂದದ್ದು ಮುನ್ನೂರು. ಉಳಿದ ಸಾವಿರದ ಇನ್ನೂರು ನೀರಿನಲ್ಲಿ ಹೋಗಲಿಲ್ಲವಲ್ಲ, ಎಲ್ಲಿ ಹೋಯಿತೆಂದು ನೀವೇ ಲೆಕ್ಕ ಹಾಕಿ. ಅಪ್ಪ ತನ್ನ ಜೇಬಿನಿಂದ ಇನ್ನೂ ಇನ್ನೂರು ಕೊಟ್ಟು ಬಂದ.

ತಳವಾರಘಟ್ಟದಿಂದ ನಡೆದು ವಿಠ್ಠಲ ದೇವಸ್ಥಾನದ ಬಾಗಿಲಿಗೆ ಹೋದರೆ ಕಾವಲಿನವರು ಟ್ರೈಪಾಡ್, ಲೈಟು ನೋಡಿ ತಡೆದರು. ಅವರು ಮಾಡಿದ್ದು ಸರಿಯೇ. ಸ್ಮಾರಕದೊಳಗೆ ಇಂಥ ಸಲಕರಣೆ ಇಟ್ಟು ಚಿತ್ರೀಕರಿಸಲು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಪೂರ್ವಾನುಮತಿ ಬೇಕು, ಹುಡುಗನ ಬಳಿ ಒಂದು ಚೀಟಿಯೂ ಇರಲಿಲ್ಲ. ಎಲ್ಲರ ಮುಂದೆ ಅಪ್ಪ ತಲೆ ತಗ್ಗಿಸಿ ನಿಂತಿದ್ದ. ಎಪ್ಪತ್ತರ ಹತ್ತಿರದ ಮನುಷ್ಯ, ತಾನು ಏನೋ ಕಳ್ಳತನಕ್ಕೆ ಬಂದವನಂತೆ. ಹುಡುಗ ಫೋನಿನಲ್ಲಿ ಮಾತಾಡಿಕೊಂಡು ಬರುತ್ತೇನೆ ಎಂದು ಹೋದವನು ವಾಪಸ್ ಬರಲಿಲ್ಲ. ಬಾಕಿ ಆರು ಸಾವಿರವನ್ನು ನಾನು ಹರಿಗೋಲು ಹತ್ತುವಾಗಲೇ ಕೊಟ್ಟುಬಿಟ್ಟಿದ್ದೆ.

ಹದಿನೈದು ದಿನದಲ್ಲಿ ಬರಬೇಕಾದ ಫೋಟೋಗಳು ಎರಡು ತಿಂಗಳಿಗೆ ಬಂದವು. ನಲವತ್ತಲ್ಲ, ಇಪ್ಪತ್ತೆರಡು. ನಾನು ಅವ್ವನ ಪಕ್ಕ ಕುಳಿತು ಮೊಬೈಲಿನಲ್ಲಿ ಮೊದಲನೆಯದನ್ನು ತೆರೆದೆ. ಅವ್ವ ಕನ್ನಡಕ ಸರಿಮಾಡಿಕೊಂಡು ನೋಡಿದಳು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೆಬ್ಬೆರಳಿನಿಂದ ಪರದೆಯನ್ನು ಒರೆಸಿದಳು, ಗಾಜಿನ ಮೇಲೆ ಏನೋ ಅಂಟಿಕೊಂಡಿದೆ ಎನ್ನುವಂತೆ. ಮತ್ತೆ ಒರೆಸಿದಳು. “ನನ್ನ ಹಚ್ಚೆ ಎಲ್ಲಿ ಹೋಯಿತು?” ಎಂದಳು.

ಅವ್ವನ ಬಲಗೈ ಮುಂಗೈ ಮೇಲೆ ತುಳಸಿಕಟ್ಟೆಯ ಹಚ್ಚೆ ಇದೆ. ಗದ್ದದ ಮೇಲೆ ಮೂರು ಚುಕ್ಕೆ. ಆಕೆ ಎಂಟು ವರ್ಷದವಳಿದ್ದಾಗ ನಮ್ಮ ಅಮ್ಮಮ್ಮ ಮಡಿಲಲ್ಲಿ ಹಿಡಿದು ಕೂರಿಸಿಕೊಂಡು, ಹಾಡು ಹೇಳುತ್ತ ಹಾಕಿಸಿದ್ದು. ಸತ್ತ ಮೇಲೆ ಜೊತೆಗೆ ಬರುವ ಒಡವೆ ಇದೊಂದೇ ಎಂದು ಹೇಳಿದ್ದಳಂತೆ. ಎಡಿಟ್ ಮಾಡಿದವನು ಅದನ್ನು ಕಲೆ ಎಂದುಕೊಂಡು ಅಳಿಸಿದ್ದ. ಗದ್ದದ ಚುಕ್ಕೆಗಳೂ ಇಲ್ಲ. ಹಣೆಯ ಗೆರೆ, ಕಣ್ಣಿನ ಸುತ್ತಲ ಸುಕ್ಕು, ಹತ್ತಿ ಬಿಡಿಸಿ ಬಿಡಿಸಿ ಕಪ್ಪಾದ ಬೆರಳುಗಳ ಬಣ್ಣ, ಎಲ್ಲವನ್ನೂ ತೊಳೆದು ಹಿಟ್ಟಿನ ಮುಖದ ಒಬ್ಬ ಹೆಂಗಸನ್ನು ಅಪ್ಪನ ಪಕ್ಕ ನಿಲ್ಲಿಸಿದ್ದರು. ಅಪ್ಪನ ಮೀಸೆಯನ್ನು ಕಪ್ಪು ಮಾಡಿದ್ದರು. ಸೀರೆಯ ಕಡುಗೆಂಪು ಗುಲಾಬಿಯಾಗಿತ್ತು.

ಎಡಿಟ್ ಮಾಡದ ಮೂಲ ಫೋಟೋಗಳನ್ನಾದರೂ ಕೊಡಿ ಎಂದು ಕೇಳಿದೆ. ಅವಕ್ಕೆ ಬೇರೆ ಎಂಟು ಸಾವಿರ ಎಂದರು. ಮೊದಲೇ ಒಪ್ಪಿದ್ದಿರಲ್ಲ ಎಂದರೆ, ಬರವಣಿಗೆಯಲ್ಲಿ ಎಲ್ಲಿದೆ ಎಂದು ಕೇಳಿದರು. ಬರವಣಿಗೆ ಇರಲಿಲ್ಲ, ಎಲ್ಲ ಫೋನಿನ ಮಾತು. ನಾನು ಒಂದು ವಾರ ಜಗಳವಾಡಿ, ಕೊನೆಗೆ ಸೋತು, ಕೊಡುತ್ತೇನೆ ಎಂದು ಹೇಳಿದ ದಿನ ಉತ್ತರ ಬಂತು: ಮೆಮೊರಿ ಕಾರ್ಡ್ ಅಳಿಸಿ ಬೇರೆ ಕೆಲಸಕ್ಕೆ ಬಳಸಿದ್ದೇವೆ.

ಇದರ ನಡುವೆ ನಮ್ಮ ಊರಿನ ಒಬ್ಬರು ಫೋನ್ ಮಾಡಿ, ನಿಮ್ಮ ಅವ್ವ ಅಪ್ಪನ ಫೋಟೋ ಯಾವುದೋ ಜಾಹೀರಾತಿನಲ್ಲಿ ಬಂದಿದೆ ಎಂದರು. ಆ ಪುಟದವರು ನಮ್ಮನ್ನು ಕೇಳದೆ ಹಾಕಿದ್ದರು, ಮುದಿ ವಯಸ್ಸಿನ ಪ್ರೇಮ ಎಂಬಂಥ ತಲೆಬರಹ ಕೊಟ್ಟು. ಕೆಳಗೆ ಬಂದಿದ್ದ ಮಾತುಗಳನ್ನು ಇಲ್ಲಿ ಬರೆಯಲಾರೆ. ಅಪ್ಪ ನಾಲ್ಕು ದಿನ ಊರ ಕಟ್ಟೆಯ ಕಡೆ ಹೋಗಲಿಲ್ಲ.

ಆಗ ನಾನು ಕಾನೂನು ತಿಳಿದವರನ್ನು ಕೇಳಿದೆ, ಇದನ್ನು ನೀವೂ ತಿಳಿದಿರಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕುದಾರರು ತೆಗೆಸಿದವರು, ತೆಗೆದವನಲ್ಲ. ಬೇರೆ ಒಪ್ಪಂದ ಮಾಡಿಕೊಂಡಿದ್ದರೆ ಮಾತ್ರ ಅದು ಬದಲಾಗುತ್ತದೆ. ಹಾಗಾಗಿ ಫೋಟೋಗ್ರಾಫರ್ ಯಾವುದಾದರೂ ಕಾಗದಕ್ಕೆ ಸಹಿ ಕೇಳಿದರೆ ಆ ಸಾಲನ್ನು ಹುಡುಕಿ ಓದಿ. ಈ ಕಲಮನ್ನು ಬರೆದು ಕಳಿಸಿದ ಮರುದಿನವೇ ಆ ಪುಟದವರು ಜಾಹೀರಾತನ್ನು ತೆಗೆದುಹಾಕಿದರು. ಹಣದ ವಿಷಯಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆ. ಆ ಫೋಟೋದವರಿಂದ ಉತ್ತರ ಬಾರದ್ದರಿಂದ ಈಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ಹಣ ಹಾಕಿದ ವಿವರ, ಸಂದೇಶಗಳ ಸ್ಕ್ರೀನ್‌ಶಾಟ್ ಅಳಿಸದೆ ಇಟ್ಟುಕೊಳ್ಳಿ.

ಇನ್ನೊಂದು ತಡವಾಗಿ ಗೊತ್ತಾಯಿತು. ಆ ಪುಟದಲ್ಲಿ ನನ್ನ ಮನಸ್ಸು ಗೆದ್ದಿದ್ದ ಫೋಟೋಗಳನ್ನು ಗೂಗಲ್ ಲೆನ್ಸಿಗೆ ಹಾಕಿ ನೋಡಿದರೆ ಮೂರು ಫೋಟೋಗಳು ಬೇರೆಯವರ ಹೆಸರಿನಲ್ಲಿ, ಬೇರೆ ರಾಜ್ಯದವರ ಪುಟದಲ್ಲಿ ಸಿಕ್ಕವು. ಎರಡು ನಿಮಿಷದ ಕೆಲಸ. ಅದಕ್ಕಿಂತ ಒಳ್ಳೆಯದು, ಯಾವುದಾದರೂ ಒಂದೇ ಕುಟುಂಬದ ಇಡೀ ಆಲ್ಬಮ್ ತೋರಿಸಲು ಕೇಳುವುದು. ಆರಿಸಿದ ಹತ್ತು ಫೋಟೋವನ್ನು ಯಾರು ಬೇಕಾದರೂ ತೋರಿಸುತ್ತಾರೆ. ಕ್ಯಾಮೆರಾ ಹಿಡಿದು ಬರುವವನು ಯಾರೆಂದು ಹೆಸರು ಹಿಡಿದು ಕೇಳಿ, ಅವನ ಜೊತೆಯೇ ಒಮ್ಮೆ ಮಾತಾಡಿ. ಯಾವ ಜಾಗ, ಎಷ್ಟು ಹೊತ್ತು, ಹರಿಗೋಲಿನ ಹಣ ಇದರಲ್ಲೇ ಇದೆಯೇ, ಮುಖ ಮೈ ತಿದ್ದುವುದು ಬೇಕೇ ಬೇಡವೇ, ಎಲ್ಲವೂ ವಾಟ್ಸ್‌ಆ್ಯಪಿನಲ್ಲಾದರೂ ಬರವಣಿಗೆಯಲ್ಲಿರಲಿ. ಎಲ್ಲಕ್ಕಿಂತ ಮುಖ್ಯ: ಒಂದು ಪೆನ್‌ಡ್ರೈವ್ ಅಥವಾ ಲ್ಯಾಪ್‌ಟಾಪ್ ಜೊತೆಗೆ ಒಯ್ದು, ಅಂದೇ, ಅಲ್ಲೇ, ಮೂಲ ಫೋಟೋಗಳನ್ನೆಲ್ಲ ನಕಲು ಮಾಡಿಕೊಂಡ ಮೇಲೆ ಬಾಕಿ ಹಣ ಕೊಡಿ. ನಾನು ಇದೊಂದನ್ನು ಮಾಡಿದ್ದರೆ ಉಳಿದ ಮೋಸವನ್ನೆಲ್ಲ ಮರೆತುಬಿಡುತ್ತಿದ್ದೆ.

ಗಂಗಾವತಿ, ಆನೆಗೊಂದಿಯಲ್ಲಿ ಅಂಗಡಿ ಬಾಗಿಲಿಗೆ ಬೋರ್ಡು ಹಾಕಿಕೊಂಡು ವರ್ಷಾನುಗಟ್ಟಲೆ ನಿಯತ್ತಿನಿಂದ ದುಡಿಯುವ ಫೋಟೋಗ್ರಾಫರುಗಳಿದ್ದಾರೆ. ನನ್ನ ಅನುಭವದಿಂದ ಅವರ ಹೊಟ್ಟೆಗೆ ಕಲ್ಲು ಬೀಳಬಾರದು. ಅವರನ್ನೇ ಹುಡುಕಿ. ಊರಿನವರಿಗೆ ಅವರು ಗೊತ್ತಿರುತ್ತಾರೆ, ನೀವು ಉಳಿದುಕೊಳ್ಳುವ ಮನೆಯವರನ್ನೋ, ಹರಿಗೋಲಿನವರನ್ನೋ ಕೇಳಿದರೆ ಸಾಕು.

ಸಿಂಧನೂರಿನಲ್ಲಿ ನನ್ನ ಶಾಲೆಯ ದಿನಗಳಿಂದ ಸ್ಟುಡಿಯೋ ಇಟ್ಟುಕೊಂಡಿರುವ ಹಿರಿಯರೊಬ್ಬರು ವಿಷಯ ಕೇಳಿ, ನಾನು ಬರುತ್ತೇನೆ, ಬಸ್ಸಿನ ಖರ್ಚು ಕೊಟ್ಟರೆ ಸಾಕು ಎಂದಿದ್ದಾರೆ. ಅಪ್ಪ ಹೂಂ ಎಂದಿದ್ದಾನೆ. ಅವ್ವ ಆ ಸೀರೆಯನ್ನು ಒಗೆದು, ಬೇವಿನ ಎಲೆ ಹಾಕಿ ಟ್ರಂಕಿನ ತಳಕ್ಕೆ ಇಟ್ಟಿದ್ದಾಳೆ. ಅದನ್ನು ಮತ್ತೆ ಉಡುತ್ತೀಯಾ ಎಂದು ಕೇಳಲು ನನಗಿನ್ನೂ ಧೈರ್ಯ ಬಂದಿಲ್ಲ.